ಪದಚರ್ಚೆ: ‘ಬೆಳಕಿನ ಮಾಲಿನ್ಯ’ಕ್ಕೆ ಬೇರೆ ಮಾತು ಇದೆಯೇ?

ಗೆಳೆಯರೇ, ನಮಸ್ಕಾರ.

ಬೀದಿದೀಪಗಳ ಬೆಳಕು ಜಾಸ್ತಿಯಾಗಿ ಹುಳ, ಹಕ್ಕಿ, ಆಮೆಗಳಿಗೆ ತೊಂದರೆ ಆಗುವುದನ್ನೂ ಆಕಾಶದಲ್ಲಿ ಚುಕ್ಕಿ ಕಾಣದೆ ಹೋಗುವುದನ್ನೂ ನಮ್ಮ ಪತ್ರಿಕೆಗಳು ‘ಬೆಳಕಿನ ಮಾಲಿನ್ಯ’ ಎಂದು ಬರೆಯುತ್ತವೆ. ನಾನೂ ಹಾಗೇ ಬರೆಯುತ್ತಿದ್ದೆ. ಹೋದ ಮಳೆಗಾಲದಿಂದ ಆ ಪದದ ಮೇಲೆ ನನಗೆ ನಂಬಿಕೆ ಉಳಿದಿಲ್ಲ.

ನಮ್ಮ ಮನೆ ಎದುರಿನ ಕಂಬದಲ್ಲಿ ಹಳದಿ ಸೋಡಿಯಂ ದೀಪ ಇತ್ತು. ಅದನ್ನು ತೆಗೆದು ಬಿಳಿ ಎಲ್‌ಇಡಿ ಹಾಕಿದರು. ಮಳೆ ಶುರುವಾದ ವಾರ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ, ಕಂಬದ ಬುಡದಲ್ಲಿ ಅಂಗೈ ಅಗಲದ ಪತಂಗ ಬೆನ್ನಡಿಯಾಗಿ ಬಿದ್ದಿತ್ತು. ರೆಕ್ಕೆ ಬಡಿಯುತ್ತಾ ನಿಂತಲ್ಲೇ ಸುತ್ತುತ್ತಿತ್ತು. ರೆಕ್ಕೆಯ ಪುಡಿ ಸಿಮೆಂಟಿನ ಮೇಲೆ ಬಳೆಯಷ್ಟಗಲ ಗೆರೆ ಎಳೆದಿತ್ತು.

ಅವತ್ತೇ ಅರ್ಜಿ ಬರೆದು ಕೊಟ್ಟೆ: ‘ನಮ್ಮ ಬೀದಿಯಲ್ಲಿ ಬೆಳಕಿನ ಮಾಲಿನ್ಯ ಆಗುತ್ತಿದೆ, ಸರಿಪಡಿಸಿ.’ ಎರಡು ದಿನ ಬಿಟ್ಟು ಒಬ್ಬರು ಏಣಿ ತಂದರು. ಕಂಬ ಹತ್ತಿ ದೀಪದ ಗಾಜನ್ನು ನೀಟಾಗಿ ಒರೆಸಿ ಇಳಿದರು. ‘ದೀಪ ಕೊಳೆಯಾಗಿದೆ ಅಂತ ಬರೆದಿದ್ರಲ್ಲ ಸಾರ್’ ಅಂದರು. ಅವರದೇನೂ ತಪ್ಪಿಲ್ಲ. ಮಾಲಿನ್ಯ ಅಂದರೆ ಕೊಳೆ ತಾನೇ? ನನಗೆ ಬೇಕಿದ್ದದ್ದು ದೀಪಕ್ಕೊಂದು ಮರೆ, ಬೆಳಕು ರಸ್ತೆಗೆ ಮಾತ್ರ ಬೀಳುವ ಹಾಗೆ. ನಾನು ಬರೆದ ಪದ ಅದನ್ನು ಹೇಳಲಿಲ್ಲ.

ಯೋಚಿಸಿದರೆ ಬೆಳಕು ಕೊಳೆಯೇ ಅಲ್ಲ. ಹೊಗೆಯೋ ಕೊಚ್ಚೆಯೋ ಎಲ್ಲಿದ್ದರೂ ಕೆಟ್ಟದ್ದೇ. ಬೆಳಕು ಬೇಡದ ಕಡೆ, ಬೇಡದ ಹೊತ್ತಲ್ಲಿ ಬಿದ್ದರೆ ಮಾತ್ರ ಕೇಡು. ಹೊಳೆ ನೀರಿನ ಹಾಗೆ. ದಡದೊಳಗಿದ್ದರೆ ಹೊಳೆ, ದಡ ಮೀರಿದರೆ ನೆರೆ. ಕನ್ನಡದಲ್ಲಿ ಬೆಳಕು ‘ಹರಿಯುತ್ತದೆ’ ಕೂಡ, ಅಲ್ವಾ? ಹಾಗಾದರೆ ‘ಬೆಳಕಿನ ನೆರೆ’ ಅಂದರೆ ನಡೆದೀತೇ? ‘ಬೆಳಕಿನ ಹಾವಳಿ’ ಬಾಯಿಗೆ ಇನ್ನೂ ಸಲೀಸು. ಆನೆ ಹಾವಳಿ, ಹಂದಿ ಹಾವಳಿ ಅಂತ ದಿನಾ ಓದುತ್ತೇವಲ್ಲ.

ಇನ್ನೊಂದು ಪದ ನನಗೆ ಬಹಳ ಹಿಡಿಸಿದೆ: ಕಂಗೆಡು. ಪತಂಗ ದೀಪಕ್ಕೆ ಮರುಳಾಗಿ ಬಂದು ಬೀಳುತ್ತದೆ ಎಂದು ನಾವು ಹಿಂದಿನಿಂದಲೂ ಹೇಳುತ್ತಾ ಬಂದಿದ್ದೇವೆ. ಹುಳಗಳ ಹಾರಾಟವನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು 2024ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಬೇರೆಯೇ ಹೇಳುತ್ತದೆ. ಹಾರುವ ಹುಳ ತನ್ನ ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸಿಕೊಳ್ಳುತ್ತದೆ. ದೀಪವಿಲ್ಲದ ಬಯಲಲ್ಲಿ ರಾತ್ರಿಯೂ ನೆಲಕ್ಕಿಂತ ಆಕಾಶವೇ ತುಸು ಬೆಳ್ಳಗೆ. ಹಾಗಾಗಿ ಮೇಲು ಯಾವುದು, ಕೆಳಗು ಯಾವುದು ಎಂದು ಗೊತ್ತಾಗಲು ಅಷ್ಟೇ ಸಾಕು. ಪಕ್ಕದಲ್ಲೊಂದು ದೀಪ ಇದ್ದರೆ ಹುಳ ಅತ್ತಲೇ ಬೆನ್ನು ವಾಲಿಸುತ್ತದೆ, ದಾರಿ ತಿರುಚಿಕೊಂಡು ಸುತ್ತುತ್ತಲೇ ಇರುತ್ತದೆ. ದೀಪದ ಮೇಲೆ ಹಾದುಹೋದರೆ ಮಗುಚಿ ಬೀಳುತ್ತದೆ. ಅಲ್ಲಿ ಮರುಳೂ ಇಲ್ಲ, ಆಸೆಯೂ ಇಲ್ಲ. ಅದು ಕಂಗೆಟ್ಟಿದೆ, ಅಷ್ಟೇ. ಕಣ್ಣು ಕೆಟ್ಟು ದಿಕ್ಕು ತಪ್ಪುವುದನ್ನು ಒಂದೇ ಮಾತಲ್ಲಿ ಹೇಳುವ ಪದ ನಮ್ಮಲ್ಲೇ ಇದೆ.

ಹೊನ್ನಾವರದ ಕಡೆ ಮರಳಲ್ಲಿ ಮೊಟ್ಟೆಯೊಡೆದು ಬರುವ ಕಡಲಾಮೆ ಮರಿಗಳ ಪಾಡೂ ಇದೇ. ಬೆಳ್ಳಗಿರುವ ಕಡೆ ಕಡಲು ಎಂದು ಅವು ಹೊರಡುತ್ತವೆ. ಹಿಂದೆ ರಸ್ತೆ ದೀಪ ಉರಿಯುತ್ತಿದ್ದರೆ ರಸ್ತೆಗೇ ತೆವಳುತ್ತವೆ. ‘ಕಂಗೆಡಿಸುವ ಬೆಳಕು’ ಅಂದರೆ ಪತಂಗಕ್ಕೂ ಸರಿ, ಆಮೆಗೂ ಸರಿ. ಆದರೆ ಆಕಾಶಕ್ಕೆ ಹೊಂದುವುದಿಲ್ಲ. ಚುಕ್ಕಿಗಳು ಕಂಗೆಡುವುದಿಲ್ಲ, ಮರೆಯಾಗುತ್ತವೆ.

ಅದಕ್ಕೇ ಎರಡನೇ ಪ್ರಶ್ನೆ. ಊರಿನ ದೀಪಗಳೆಲ್ಲ ಸೇರಿ ಆಕಾಶಕ್ಕೆ ಬಳಿಯುವ ಮಂಕು ಹೊಳಪಿಗೆ ಏನನ್ನುತ್ತೀರಿ? ರಾತ್ರಿ ಬಸ್ಸಲ್ಲಿ ಬರುವಾಗ ಗುಡ್ಡದಾಚೆ ಪೇಟೆ ಇದೆ ಎಂದು ಗೊತ್ತಾಗುವುದೇ ಅದರಿಂದ. ಹಾಲುಹಾದಿಯನ್ನು ನುಂಗುವುದೂ ಅದೇ. ಮಲೆನಾಡಲ್ಲೋ ಬಯಲುಸೀಮೆಯಲ್ಲೋ ಹಿರಿಯರ ಬಾಯಲ್ಲಿ ಅದಕ್ಕೊಂದು ಹೆಸರು ಇದ್ದರೆ ತಿಳಿಸಿ.

ಮೂರನೆಯದು ಚಿಕ್ಕದು. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಆಕಾಶವನ್ನು ಕತ್ತಲಾಗಿಯೇ ಕಾಯುವ ಮೀಸಲು ಪ್ರದೇಶ ಮಾಡಿದರು. ಅಲ್ಲಿನ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ. ಇದನ್ನು ‘ಕತ್ತಲ ಮೀಸಲು’ ಅಂದರೆ ಕರೆಂಟಿಲ್ಲದ ಊರಿನ ನೆನಪಾಗುತ್ತದೆ. ಕತ್ತಲು ನಮಗೆ ಯಾವಾಗಲೂ ಕೊರತೆಯೇ. ಇರುಳು ಹಾಗಲ್ಲ, ಅದು ಹಗಲಿನ ಜೋಡಿ. ‘ಇರುಳ ಮೀಸಲು’ ಹೇಗಿದೆ?

ಮುಂದಿನ ವಾರ ಇನ್ನೊಂದು ಅರ್ಜಿ ಕೊಡಬೇಕು. ಒರೆಸಿದ ಮೇಲೆ ದೀಪ ಮೊದಲಿಗಿಂತ ಜೋರಾಗಿದೆ. ಹಾವಳಿ, ನೆರೆ, ಕಂಗೆಡಿಸುವ ಬೆಳಕು: ಏಣಿ ಹತ್ತುವವರಿಗೆ ಓದಿದ ಕೂಡಲೇ ತಿಳಿಯುವಂಥದ್ದು ಇವುಗಳಲ್ಲಿ ಯಾವುದು, ಹೇಳಿ.