ನಾನ್-ಸ್ಪೋರ್ಟಿಂಗ್ ನಾಯಿಗಳೆಲ್ಲ ಶಾಂತವೇ?

ಪ್ರಶ್ನೆ: ನಾಯಿ ತಳಿಗಳನ್ನು ಗುಂಪುಗಳಾಗಿ ವಿಂಗಡಿಸುವ ಅಮೆರಿಕನ್ ಕೆನಲ್ ಕ್ಲಬ್ಬಿನ ನಾನ್-ಸ್ಪೋರ್ಟಿಂಗ್ ಗುಂಪಿನಲ್ಲಿ ಪೂಡಲ್, ಬುಲ್‌ಡಾಗ್, ಡಾಲ್ಮೇಷಿಯನ್ ಎಲ್ಲವೂ ಇವೆ. ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ. ಈ ಗುಂಪಿನ ಯಾವ ನಾಯಿ ತಂದರೂ ತೊಂದರೆ ಇಲ್ಲ ಅಲ್ವಾ?

ಉತ್ತರ 1: ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಬೇರೆ ಗುಂಪುಗಳಿಗೆ ಹೊಂದದ ತಳಿಗಳನ್ನು ಇಲ್ಲಿ ಸೇರಿಸಿದ್ದಾರೆ, ಅಷ್ಟೇ. ನಾನು ಸಾಕಿರುವುದು ಡಾಲ್ಮೇಷಿಯನ್. ಕುದುರೆಗಾಡಿಯ ಜೊತೆ ಮೈಲಿಗಟ್ಟಲೆ ಓಡುತ್ತಿದ್ದ ತಳಿ ಅದು. ಬೆಳಿಗ್ಗೆ ಚೆನ್ನಾಗಿ ಓಡಿಸದಿದ್ದರೆ ಸಂಜೆಯೊಳಗೆ ಚಪ್ಪಲಿ, ದಿಂಬು ಎಲ್ಲ ಚಿಂದಿ. ಈ ತಳಿಯ ಮೂತ್ರದಲ್ಲಿ ಯೂರಿಕ್ ಆಮ್ಲ ಜಾಸ್ತಿ, ಕಲ್ಲು ಕಟ್ಟಬಹುದು. ಹಾಗಾಗಿ ನೀರಿನ ಬಟ್ಟಲು ಯಾವಾಗಲೂ ತುಂಬಿರಬೇಕು. ಕೆಲವು ಮರಿಗಳು ಹುಟ್ಟುಕಿವುಡು. ಕಿವಿ ಪರೀಕ್ಷೆ ಮಾಡಿಸಿದ್ದಾರಾ ಎಂದು ಮೊದಲೇ ಕೇಳಿ. ಇಷ್ಟೆಲ್ಲ ಹೇಳಿದರೂ, ಇದರಷ್ಟು ಅಂಟಿಕೊಳ್ಳುವ ಜೀವ ನಾನು ಕಂಡಿಲ್ಲ.

ಉತ್ತರ 2: ಬುಲ್‌ಡಾಗ್ ಕಥೆ ಉಲ್ಟಾ. ಗೂಳಿಯ ಮೇಲೆ ಬಿಡಲೆಂದೇ ಬೆಳೆಸಿದ ನಾಯಿ. ಬ್ರಿಟನ್ 1835ರಲ್ಲಿ ಆ ಕ್ರೂರ ಆಟವನ್ನು ನಿಷೇಧಿಸಿತು. ಆಮೇಲೆ ಸಾಕುವವರು ಸಾಧು ಸ್ವಭಾವದ ನಾಯಿಗಳನ್ನೇ ಆರಿಸುತ್ತಾ ಬಂದರು. ಈಗ ತುಂಬಾ ಶಾಂತ. ಆದರೆ ಮೂಗು ಚಪ್ಪಟೆ, ಸೆಕೆ ತಡೆಯುವುದಿಲ್ಲ.

ಪ್ರಶ್ನೆ ಕೇಳಿದವರು: ಲ್ಹಾಸಾ ಆಪ್ಸೊ ಆಗಬಹುದಾ? ಪುಟ್ಟದಾಗಿದೆ.

ಉತ್ತರ 1: ಪುಟ್ಟದು ನಿಜ. ಆದರೆ ಟಿಬೆಟ್ಟಿನ ಮಠಗಳ ಒಳಗೆ ಕಾವಲಿಗಿದ್ದ ನಾಯಿ. ಹೊಸಬರನ್ನು ಬೇಗ ನಂಬುವುದಿಲ್ಲ. ಮನೆಗೆ ಜನ ಬಂದು ಹೋಗುತ್ತಿದ್ದರೆ ನನ್ನ ಮತ ಚಿಕ್ಕ ಪೂಡಲ್‌ಗೆ. ಬೇಟೆಯಲ್ಲಿ ನೀರಿಗೆ ಬಿದ್ದ ಬಾತುಕೋಳಿಗಳನ್ನು ತಂದುಕೊಡುತ್ತಿದ್ದ ವಂಶ ಅದರದು. ಹೇಳಿದ್ದನ್ನು ಬೇಗ ಕಲಿಯುತ್ತದೆ. ಕೂದಲು ಮಾತ್ರ ದಿನಾ ಬಾಚಬೇಕು, ಆ ಕೆಲಸ ನೀವು ವಹಿಸಿಕೊಳ್ಳಿ.