ಪದಚರ್ಚೆ: ತಲೆಬರಹದ ಅಕ್ಷರ ‘ಕುಗ್ಗಿಸಿ’ ಅಂದರೆ ಏನು ಮಾಡಬೇಕು? (ಕರ್ನಿಂಗ್, ಟ್ರ್ಯಾಕಿಂಗ್)

ಗೆಳೆಯರೇ,

ಪುಟವಿನ್ಯಾಸ ಕಲಿಯುವವರಿಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ತಲೆಬರಹದ ಅಧ್ಯಾಯದಲ್ಲಿ ಎರಡು ಪದ ಸಿಕ್ಕದೆ ಕೆಲಸ ನಿಂತಿದೆ. ಇನ್‌ಡಿಸೈನ್‌ನಂಥ ತಂತ್ರಾಂಶದಲ್ಲಿ ಅಕ್ಷರಗಳ ನಡುವಿನ ಜಾಗ ಬದಲಿಸಲು ಕರ್ನಿಂಗ್, ಟ್ರ್ಯಾಕಿಂಗ್ ಅಂತ ಎರಡು ದಾರಿ ಇವೆ. ಕನ್ನಡದಲ್ಲಿ ಎರಡಕ್ಕೂ ‘ಅಕ್ಷರ ಅಂತರ’ ಎಂದೇ ಬರೆಯುವುದನ್ನು ನೋಡಿದ್ದೇನೆ. ಮಾತಿನಲ್ಲಾದರೆ ‘ಸ್ಪೇಸಿಂಗ್ ಕಮ್ಮಿ ಮಾಡು’, ‘ಸ್ವಲ್ಪ ಟೈಟ್ ಮಾಡು’ ಅಂದರೆ ಮುಗಿಯಿತು. ಪಕ್ಕದಲ್ಲಿ ಕೂತು ಪರದೆಯ ಮೇಲೆ ಬೆರಳಿಟ್ಟು ತೋರಿಸುವಾಗ ಅಷ್ಟು ಸಾಕು. ಬರಹಕ್ಕೆ ಸಾಲದು.

ಈ ವಾಕ್ಯ ನೋಡಿ: ‘ತಲೆಬರಹ ಒಂದೇ ಸಾಲಿನಲ್ಲಿ ಕೂರದಿದ್ದರೆ ಅಕ್ಷರಗಳನ್ನು ಸ್ವಲ್ಪ ಕುಗ್ಗಿಸಿ.’ ಓದಿದವರು ಏನು ಮಾಡಬೇಕು? ಒಬ್ಬರು 60 ಪಾಯಿಂಟ್ ಇದ್ದ ಅಕ್ಷರದ ಗಾತ್ರವನ್ನೇ 54 ಮಾಡುತ್ತಾರೆ. ಇನ್ನೊಬ್ಬರು ಹಾರಿಜಾಂಟಲ್ ಸ್ಕೇಲ್‌ಗೆ ಹೋಗಿ ಅಕ್ಷರದ ಅಗಲವನ್ನೇ 100ರಿಂದ 90ಕ್ಕೆ ಇಳಿಸುತ್ತಾರೆ. ಆಗ ಅಡ್ಡ ಗೆರೆಗಳ ದಪ್ಪ ಹಾಗೇ ಉಳಿದು ಉದ್ದ ಗೆರೆಗಳು ಮಾತ್ರ ತೆಳುವಾಗುತ್ತವೆ, ಅಕ್ಷರದ ಮುಖವೇ ಕೆಡುತ್ತದೆ. ಮೂರನೆಯವರು ಅಕ್ಷರವನ್ನು ಮುಟ್ಟದೆ ನಡುವಿನ ಜಾಗ ಕಡಿಮೆ ಮಾಡುತ್ತಾರೆ. ಮೂವರೂ ‘ಕುಗ್ಗಿಸಿದವರೇ’. ಇಂಗ್ಲಿಷಿನಲ್ಲೂ ಇದು ಪೂರ್ತಿ ಸರಿಯಿಲ್ಲ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಜಾಗ ಕಡಿಮೆ ಮಾಡುವುದಕ್ಕೆ ‘ಕಂಡೆನ್ಸ್ಡ್’ ಎನ್ನುತ್ತಾರೆ. ಫಾಂಟಿನ ಹೆಸರಿನಲ್ಲಿ ಅದೇ ಮಾತು ಬಂದರೆ ಅಕ್ಷರವನ್ನೇ ಕಿರಿದಾಗಿ ಬರೆದಿದ್ದಾರೆ ಎಂದರ್ಥ. ಆ ಗೊಂದಲವನ್ನು ನಾವು ಹೊತ್ತು ತರಬೇಕಿಲ್ಲ, ಅಲ್ವಾ?

ಹಾಗಾಗಿ ‘ಕುಗ್ಗಿಸು’, ‘ಹಿಗ್ಗಿಸು’ ಎರಡನ್ನೂ ನಾನು ಈ ಅಧ್ಯಾಯದಿಂದ ಹೊರಗಿಟ್ಟಿದ್ದೇನೆ. ‘ಒತ್ತರಿಸು’ ಎಂಬುದೂ ಮನಸ್ಸಿಗೆ ಬಂದಿತ್ತು. ಆದರೆ ಕನ್ನಡ ಅಕ್ಷರದ ವಿಚಾರದಲ್ಲಿ ‘ಒತ್ತು’ ಅಂದ ಕೂಡಲೇ ಓದುಗರ ಮನಸ್ಸು ಒತ್ತಕ್ಷರಕ್ಕೆ ಓಡುತ್ತದೆ. ‘ಯ ಒತ್ತನ್ನು ಒತ್ತರಿಸಿ’ ಎಂದು ಬರೆದರೆ ನಾನೇ ಎರಡು ಸಲ ಓದಬೇಕು.

ಈಗ ಕೆಲಸ ಯಾವುದು ಅಂತ ನೋಡೋಣ. ಕರ್ನಿಂಗ್ ಎಂದರೆ ಯಾವುದೋ ಎರಡೇ ಅಕ್ಷರಗಳ ನಡುವಿನ ಜಾಗ ಸರಿ ಮಾಡುವುದು. ಟ್ರ್ಯಾಕಿಂಗ್ ಎಂದರೆ ಆಯ್ದುಕೊಂಡ ಅಷ್ಟೂ ಪಠ್ಯದಲ್ಲಿ ಪ್ರತಿ ಅಕ್ಷರದ ನಡುವೆ ಒಂದೇ ಅಳತೆಯ ಜಾಗ ಸೇರಿಸುವುದು ಅಥವಾ ಕಳೆಯುವುದು. ಇವೆರಡೂ ಬೆರೆತುಹೋಗುವುದಕ್ಕೆ ಒಂದು ಕಾರಣ ಕೀಲಿಮಣೆಯಲ್ಲೇ ಇದೆ. ಇನ್‌ಡಿಸೈನ್‌ನಲ್ಲಿ ಆಲ್ಟ್ ಹಿಡಿದು ಎಡ ಬಾಣ ಒತ್ತಿದರೆ ಜಾಗ ಕಡಿಮೆಯಾಗುತ್ತದೆ, ಬಲ ಬಾಣ ಒತ್ತಿದರೆ ಜಾಸ್ತಿಯಾಗುತ್ತದೆ. ಕರ್ಸರ್ ಎರಡು ಅಕ್ಷರಗಳ ನಡುವೆ ಇದ್ದರೆ ಅದು ಕರ್ನಿಂಗ್. ಪಠ್ಯ ಸೆಲೆಕ್ಟ್ ಆಗಿದ್ದರೆ ಅದೇ ಕೀಲಿ ಟ್ರ್ಯಾಕಿಂಗ್ ಮಾಡುತ್ತದೆ. ಕೈಗೆ ಎರಡೂ ಒಂದೇ ಕೆಲಸ. ಬಾಯಿಗೂ ಒಂದೇ ಪದ ಬಂದುಬಿಡುತ್ತದೆ.

ಇಂಗ್ಲಿಷಿನ ‘ಕರ್ನ್’ ಎಂಬ ಪದ ಮೊದಲು ಜಾಗಕ್ಕೆ ಇದ್ದ ಹೆಸರೇ ಅಲ್ಲ. ಮೂಲೆ, ಚಾಚು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಅಚ್ಚುಮೊಳೆಗಳ (ಒಂದೊಂದರಲ್ಲಿ ಒಂದೊಂದು ಅಕ್ಷರ ಇದ್ದ ಲೋಹದ ತುಂಡುಗಳ) ಕಾಲದಲ್ಲಿ ಮೊಳೆಯ ಮೈಯಿಂದ ಆಚೆ ಚಾಚಿಕೊಂಡ ಅಕ್ಷರದ ಭಾಗಕ್ಕೆ ಕರ್ನ್ ಎನ್ನುತ್ತಿದ್ದರು. ವಾಲಿದ ‘ಎಫ್’ ಅಕ್ಷರದ ಮೇಲಿನ ಕೊಕ್ಕೆ ಇದಕ್ಕೆ ಒಳ್ಳೆಯ ಉದಾಹರಣೆ. ಆ ಚಾಚು ಪಕ್ಕದ ಮೊಳೆಯ ಮೇಲೆ ಕೂರುತ್ತಿತ್ತು, ಆಗಾಗ ಮುರಿಯುತ್ತಲೂ ಇತ್ತು. ಮೊಳೆಗಳ ನಡುವೆ ತೆಳುವಾದ ಲೋಹದ ಪಟ್ಟಿ ತೂರಿಸಿ ಜಾಗ ಹೆಚ್ಚಿಸುವುದು ಸುಲಭ. ಕಡಿಮೆ ಮಾಡಬೇಕೆಂದರೆ ಮೊಳೆಯ ಮೈಯನ್ನೇ ಕೆತ್ತಬೇಕಿತ್ತು. ಹಾಗಾಗಿ ‘ಮೈನಸ್’ ಎಂಬ ಕಲ್ಪನೆ ಆ ಕಸುಬಿನ ಮಾತಿನಲ್ಲಿ ಹೆಚ್ಚು ಬೆಳೆಯಲೇ ಇಲ್ಲ. ನಮ್ಮಲ್ಲೂ ‘ಮೊಳೆ ಜೋಡಿಸು’, ‘ಅಕ್ಷರ ಜೋಡಣೆ’ ಉಳಿದುಕೊಂಡಿವೆ, ಎರಡನೆಯದು ಪುಸ್ತಕದ ಮೊದಲ ಪುಟಗಳಲ್ಲಿ ಇವತ್ತಿಗೂ ಕಾಣುತ್ತದೆ. ಜೋಡಿಸಿದ ಮೇಲೆ ಹತ್ತಿರ ಎಳೆಯುವುದಕ್ಕೆ ಕಸುಬಿನ ಪದ ನನಗೆ ಸಿಕ್ಕಿಲ್ಲ. ಕೇಳಿದವರು ಇದ್ದರೆ ಹೇಳಿ, ಅದನ್ನೇ ಬಳಸುತ್ತೇನೆ.

ಇನ್ನು ‘ಅಕ್ಷರಾಂತರ’. ಸಮಾಸ ಮಾಡಿ ಚೊಕ್ಕ ಮಾಡೋಣ ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಭಾಷಾಂತರ, ರೂಪಾಂತರ, ಲಿಪ್ಯಂತರ: ಈ ಸಾಲಿನಲ್ಲಿ ‘ಅಂತರ’ ಎಂದರೆ ‘ಬೇರೊಂದು’. ‘ಅಕ್ಷರಾಂತರ’ ಎಂದರೆ ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಿಸುವುದು ಎಂದೇ ಕೇಳಿಸುತ್ತದೆ. ಬಿಡಿಸಿ ‘ಅಕ್ಷರ ಅಂತರ’ ಎಂದರೆ ಅರ್ಥ ಸರಿ. ಆದರೆ ಅದು ಎರಡೂ ಕೆಲಸಕ್ಕೆ ಸೇರಿದ ದೊಡ್ಡ ಹೆಸರು. ಅಧ್ಯಾಯದ ತಲೆಬರಹಕ್ಕೆ ಇರಲಿ.

ಇಲ್ಲಿ ‘ಅಕ್ಷರ’ ಎಂಬುದನ್ನೂ ಸ್ವಲ್ಪ ನೋಡಬೇಕು. ತಂತ್ರಾಂಶದ ‘ಕ್ಯಾರೆಕ್ಟರ್’ ನಮ್ಮ ಅಕ್ಷರವಲ್ಲ. ‘ಸೂರ್ಯ’ ತೆಗೆದುಕೊಳ್ಳಿ. ನಮಗೆ ಸೂ, ರ್ಯ ಅಂತ ಎರಡು ಅಕ್ಷರ. ನಡುವೆ ಒಂದೇ ಜಾಗ. ಯೂನಿಕೋಡ್‌ನಲ್ಲಿ ಅದೇ ಪದಕ್ಕೆ ಐದು ಸಂಕೇತ: ಸ, ಕೊಂಬಿನ ಇಳಿ, ರ, ವಿರಾಮ (ಸ್ವರ ತೆಗೆಯುವ ‘್’ ಗುರುತು), ಯ. ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟುಗಳಲ್ಲಿ ಅರ್ಕಾವತ್ತು, ಅಂದರೆ ‘ರ್’ ಸೂಚಿಸುವ ೯ ಆಕಾರದ ಗುರುತು, ಒಂದು ಬಿಡಿ ತುಣುಕು. ಅಂಥ ಫಾಂಟಿನಲ್ಲಿ ತಲೆಬರಹಕ್ಕೆ ಪ್ಲಸ್ 100 ಟ್ರ್ಯಾಕಿಂಗ್ ಕೊಟ್ಟರೆ ಅರ್ಕಾವತ್ತು ‘ಯ’ ಬಿಟ್ಟು ದೂರ ಹೋಗಿ ಒಂಟಿಯಾಗಿ ನಿಲ್ಲುತ್ತದೆ. ಓದಿದವರಿಗೆ ಅದು ‘ಸೂಯ ೯’. ಅನುಸ್ವಾರದ ಕಥೆಯೂ ಅದೇ: ‘ಸಂಜೆ’ಯ ಸೊನ್ನೆ ದೂರ ಸರಿದರೆ ‘ಸ ೦ ಜೆ’, ನಿಜವಾದ ಸೊನ್ನೆಯೇ ಆಗುತ್ತದೆ. ‘ಕೀ’ಯ ದೀರ್ಘ ಕಳಚಿಕೊಂಡರೆ ಉಳಿಯುವುದು ‘ಕಿ’, ಪಕ್ಕದಲ್ಲಿ ಏನೋ ಒಂದು ಕೊಕ್ಕೆ. ಯೂನಿಕೋಡ್ ಫಾಂಟು, ಜೊತೆಗೆ ಭಾರತೀಯ ಲಿಪಿ ಬಲ್ಲ, ಅಕ್ಷರಗಳನ್ನು ಸಾಲಿನಲ್ಲಿ ಕೂರಿಸುವ ಕಂಪೋಸರ್ (ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್) ಇದ್ದರೆ ಈ ಪಾಡು ಇಲ್ಲ. ಒತ್ತು, ಗುಣಿತ ಎಲ್ಲ ಸೇರಿದ ಇಡೀ ಅಕ್ಷರ ಒಟ್ಟಿಗೆ ಸರಿಯಬೇಕು. ಹಾಗಾಗಿ ನಮ್ಮ ಪದ ಯಾವುದೇ ಇರಲಿ, ಅದು ಇಂಥ ಇಡೀ ಅಕ್ಷರಗಳ ನಡುವಿನ ಜಾಗವನ್ನೇ ಹೇಳಬೇಕು.

ಅಂದ ಹಾಗೆ, ದೇವನಾಗರಿಯಲ್ಲಿ ಜಾಗ ಬಿಟ್ಟರೆ ಮೇಲಿನ ಗೆರೆ ತುಂಡಾಗುವ ಭಯ ಇದೆ. ನಮ್ಮ ತಲೆಕಟ್ಟುಗಳು ಒಂದಕ್ಕೊಂದು ಅಂಟಿಕೊಂಡಿಲ್ಲ, ಬೇರೆ ಬೇರೆ. ಆ ಮಟ್ಟಿಗೆ ಕನ್ನಡದ ತಲೆಬರಹವನ್ನು ಸಡಿಲ ಮಾಡಲು ಲಿಪಿಯೇ ಒಪ್ಪುತ್ತದೆ. ಬಿಗಿ ಮಾಡಲು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ರೋಮನ್ ಲಿಪಿಯಲ್ಲಿ ಕರ್ನಿಂಗ್ ಬೇಕಾಗುವುದು ‘ಎ’ ಪಕ್ಕ ‘ವಿ’ ಬಂದಾಗ, ಏಕೆಂದರೆ ಎರಡರ ಓರೆ ಗೆರೆಗಳ ನಡುವೆ ಖಾಲಿ ಜಾಗ ಬಾಯಿಬಿಡುತ್ತದೆ. ನಮ್ಮಲ್ಲಿ ತೊಂದರೆ ಹೆಚ್ಚಾಗಿ ಕೆಳಗಡೆ, ಒತ್ತಿನ ಸಾಲಿನಲ್ಲಿ. ‘ರಾಜ್ಯದ’ ಎಂದು 72 ಪಾಯಿಂಟಿನಲ್ಲಿ ಬರೆದು ನೋಡಿ. ಯ ಒತ್ತು ಬಲಕ್ಕೆ ಚಾಚಿಕೊಳ್ಳುತ್ತದೆ. ಹಲವು ಫಾಂಟುಗಳಲ್ಲಿ ಆ ಚಾಚಿಗೆ ಜಾಗ ಬಿಡಲು ‘ದ’ ದೂರ ನಿಲ್ಲುತ್ತದೆ, ಮೇಲೆ ಜ ಮತ್ತು ದ ನಡುವೆ ಒಂದು ತೂತು. ದ ಎಡಕ್ಕೆ ಎಳೆದರೆ ಒತ್ತು ಅದರ ಅಡಿಗೆ ಹೋಗಿ ಚೆನ್ನಾಗಿ ಕೂರುತ್ತದೆ. ಅದನ್ನೇ ‘ರಾಜ್ಯಕ್ಕೆ’ ಮಾಡಿ. ಈಗ ಎಳೆದರೆ ಯ ಒತ್ತಿನ ಬಾಲ ಕ ಒತ್ತಿಗೆ ತಗುಲುತ್ತದೆ. ಒಂದೇ ಪದ, ವಿಭಕ್ತಿ ಬದಲಾದದ್ದಕ್ಕೆ ಎಳೆಯುವ ಅಳತೆ ಬದಲು. ಇಡೀ ಸಾಲಿಗೆ ಒಂದೇ ಸಂಖ್ಯೆ ಕೊಟ್ಟು ಎದ್ದು ಹೋಗುವವರಿಗೆ ಇದು ಕಾಣುವುದೇ ಇಲ್ಲ.

ನನ್ನ ಸಲಹೆ ಹೇಳಿಬಿಡುತ್ತೇನೆ. ಎರಡು ಅಕ್ಷರಗಳ ನಡುವಿನದಕ್ಕೆ ‘ಸಂದು’. ಕಿರಿದಾದ ಜಾಗ, ಅದೂ ಎರಡು ವಸ್ತುಗಳ ನಡುವಿನದು ಎಂಬ ಅರ್ಥ ಆ ಪದದಲ್ಲಿ ಮೊದಲೇ ಇದೆ. ‘ಜ್ಯ, ದ ನಡುವಿನ ಸಂದು ಕಿರಿದು ಮಾಡಿ’ ಎಂದರೆ ಯಾರೂ ಇಡೀ ಸಾಲು ಸೆಲೆಕ್ಟ್ ಮಾಡುವುದಿಲ್ಲ. ವ್ಯಾಕರಣದವರು ‘ಸಂಧಿ’ ನೆನಪಾಗುತ್ತದೆ ಅನ್ನಬಹುದು. ಆಗಲಿ, ಅಲ್ಲಿಯೂ ಎರಡು ಅಕ್ಷರ ಸೇರುವ ಜಾಗದ ಮಾತೇ ತಾನೇ. ಇಡೀ ಸಾಲಿನದಕ್ಕೆ ‘ಬಿಗಿ’, ‘ಸಡಿಲ’. ‘ತಲೆಬರಹವನ್ನು 20 ಬಿಗಿ ಮಾಡಿ’, ‘ಪೂರ್ತಿ ಸಡಿಲ ಬಿಡಿ’. ‘ಸಾಲಿನ ಬಿಗಿ’ ಅಂತ ಮಾತ್ರ ಬೇಡ, ಅದು ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವಿನ ಅಂತರ ಅಂತ ತಪ್ಪಾಗಿ ಓದಿಸಿಕೊಳ್ಳುತ್ತದೆ.

ಕರ್ನಿಂಗ್, ಟ್ರ್ಯಾಕಿಂಗ್ ಎಂಬ ಹೆಸರುಗಳನ್ನು ಓಡಿಸಬೇಕು ಎಂದು ನಾನು ಹೇಳುತ್ತಿಲ್ಲ. ಮೆನುವಿನಲ್ಲಿ ಕಾಣುವುದು ಅವೇ. ಕಲಿಯುವವರು ಅವನ್ನು ಹುಡುಕಿ ಒತ್ತಲೇಬೇಕು. ಸುಮ್ನೆ ಎಲ್ಲದಕ್ಕೂ ಹೊಸ ನಾಮಪದ ಕಟ್ಟಿ ಕೊಟ್ಟರೆ ಒಂದು ಪದಕ್ಕೆ ಎರಡು ಕಲಿಯುವ ಹೊರೆ. ನನಗೆ ಬೇಕಾದದ್ದು ವಾಕ್ಯದ ಒಳಗೆ ಓಡಾಡುವ ಕ್ರಿಯಾಪದ. ‘ಟ್ರ್ಯಾಕಿಂಗ್‌ನಲ್ಲಿ ಬಿಗಿ ಮಾಡಿ, ಆಮೇಲೆ ತಗುಲಿದ ಕಡೆ ಸಂದು ಬಿಡಿಸಿ’ ಎಂಬ ಸೂಚನೆ ನನಗೆ ಸಹಜವಾಗಿ ಕೇಳಿಸುತ್ತದೆ. ನಿಮಗೆ?

ಇನ್ನೊಂದು ತೊಡಕು. ಬಿಗಿ ಮಾಡಿದಾಗ ಪದಗಳ ನಡುವಿನ ಜಾಗವೂ ಕಡಿಮೆಯಾಗುತ್ತದೆ. ‘ಕೈ ಕೊಟ್ಟ ಗೆಳೆಯ’ ಎಂಬ ತಲೆಬರಹ ಅತಿ ಬಿಗಿಯಾದರೆ ‘ಕೈಕೊಟ್ಟ ಗೆಳೆಯ’ ಆಗಿಬಿಡುತ್ತದೆ. ನೆರವಾದವನು ಮೋಸಗಾರ! ಪದಗಳ ನಡುವಿನದಕ್ಕೆ ‘ಸಂದು’ ಬಳಸದೆ ‘ಪದದ ತೆರಪು’ ಎನ್ನೋಣ ಅಂತ ಇದ್ದೇನೆ. ‘ತೆರಪು’ ಹಳತಾಯಿತು ಅನ್ನಿಸಿದರೆ ‘ಪದಗಳ ನಡುವಿನ ಜಾಗ’ ಎಂದು ಸೀದಾ ಬರೆಯುತ್ತೇನೆ.

ಸಂಖ್ಯೆಗಳ ಬಗ್ಗೆ ಚಿಕ್ಕ ಮಾತು. ಇನ್‌ಡಿಸೈನ್‌ನ 20 ಎಂದರೆ ಎಮ್‌ನ 1000ದಲ್ಲಿ 20 ಪಾಲು. ಎಮ್ ಎಂದರೆ ಆ ಅಕ್ಷರದ ಪಾಯಿಂಟ್ ಅಳತೆಯೇ. 10 ಪಾಯಿಂಟಿನ ಪಠ್ಯದಲ್ಲಿ ಅದು 0.2 ಪಾಯಿಂಟ್, ಕಣ್ಣಿಗೆ ಅಷ್ಟಾಗಿ ತೋರದು. 60 ಪಾಯಿಂಟಿನ ತಲೆಬರಹದಲ್ಲಿ 1.2 ಪಾಯಿಂಟ್. ಕ್ವಾರ್ಕ್‌ಎಕ್ಸ್‌ಪ್ರೆಸ್‌ನಲ್ಲಿ (ಇದೂ ಪುಟವಿನ್ಯಾಸದ ತಂತ್ರಾಂಶವೇ) ಎಮ್ ಅನ್ನು 200 ಪಾಲು ಮಾಡುತ್ತಾರೆ, ಅಲ್ಲಿಯ 20 ಬೇರೆಯೇ ದೊಡ್ಡದು. ಆದ್ದರಿಂದ ‘20 ಬಿಗಿ’ ಎಂದು ಬರೆಯುವಾಗ ತಂತ್ರಾಂಶದ ಹೆಸರೂ ಬೇಕು. ‘ಎಮ್’ಗೆ ಕನ್ನಡ ಪದ ಹುಡುಕುವ ಆಸೆ ನನಗಿಲ್ಲ. ಪಾಯಿಂಟ್ ಹೇಗೆ ಬಂತೋ ಇದೂ ಹಾಗೇ ಬರಲಿ.

ಕೊನೆಗೆ ಉಳಿದದ್ದು ಕರ್ನಿಂಗ್ ಪಟ್ಟಿಯಲ್ಲಿ ಬರುವ ‘ಮೆಟ್ರಿಕ್ಸ್’ ಮತ್ತು ‘ಆಪ್ಟಿಕಲ್’. ಮೊದಲನೆಯದು ಫಾಂಟು ಮಾಡಿದವರು ಒಳಗೇ ಬರೆದಿಟ್ಟ ಜೋಡಿಗಳ ಲೆಕ್ಕ. ಅದಕ್ಕೆ ‘ಫಾಂಟಿನ ಲೆಕ್ಕ’ ಸಾಕು. ಎರಡನೆಯದು ಅಕ್ಷರಗಳ ಆಕಾರ ನೋಡಿ ತಂತ್ರಾಂಶವೇ ಹಾಕುವ ಲೆಕ್ಕ. ಇದನ್ನು ‘ಕಣ್ಣಳತೆ’ ಎಂದು ಬರೆದದ್ದನ್ನು ಓದಿದೆ. ಪದ ಚೆಂದವೇ ಇದೆ. ಆದರೆ ಕಣ್ಣಳತೆ ಅಂದರೆ ಮನುಷ್ಯ ಕಣ್ಣಿನಿಂದ ಅಳೆಯುವುದು. ಪುಟ ಮಾಡುವವರು ಪ್ರಿಂಟ್ ತೆಗೆದು, ದೂರ ಹಿಡಿದು, ತಲೆಕೆಳಗು ಮಾಡಿ ನೋಡಿ, ಮತ್ತೆ ಬಂದು ಬಾಣದ ಕೀಲಿ ಒತ್ತುತ್ತಾರಲ್ಲ, ಆ ಕೆಲಸಕ್ಕೆ ನನಗೆ ಈ ಪದ ಬೇಕು. ಅದನ್ನು ಯಂತ್ರಕ್ಕೆ ಕೊಟ್ಟುಬಿಟ್ಟರೆ ಕೈಕೆಲಸಕ್ಕೆ ಏನು ಹೇಳುವುದು? ಆಪ್ಟಿಕಲ್‌ಗೆ ‘ಆಕಾರದ ಲೆಕ್ಕ’ ಎಂದರೆ ನಡೆಯುತ್ತದಾ, ಇನ್ನೂ ಒಳ್ಳೆಯದು ಇದೆಯಾ?