ಸಹಾಯ ಬೇಕು: ಮರದ ಹಿಡಿಯ ಮಡಚುವ ಚಾಕು ಬಿಗಿಯಾಗಿದೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಸಾದಾ ಮಡಚುವ ಚಾಕು ಇದೆ. ಬೀಚ್ ಮರದ ಹಿಡಿ, ಕಾರ್ಬನ್ ಸ್ಟೀಲ್ ಅಲಗು, ಅಲಗು ತಿರುಗೋಕೆ ಒಂದೇ ರಿವೆಟ್ (ಲೋಹದ ಮೊಳೆ), ಲಾಕ್ ಮಾಡೋಕೆ ತಿರುಗಿಸುವ ಉಂಗುರ. ಸ್ಪ್ರಿಂಗ್ ಇಲ್ಲ. ಅಲಗು ನಿಲ್ಲೋದು ಮರದ ಬಿಗಿಯಿಂದಲೇ. ನನಗೆ ತುಂಬಾ ಇಷ್ಟವಾದ ಚಾಕು.

ಮಳೆಗಾಲ ಶುರುವಾದ ಮೇಲೆ ಹಿಡಿ ಉಬ್ಬಿದೆ. ಅಲಗು ಹೊರಗೆ ಬರೋದೇ ಇಲ್ಲ. ಉಗುರು ಸಿಕ್ಕಿಸಿ ಎಳೆದರೆ ಉಗುರೇ ಕಿತ್ತು ಬರುವಂತಿದೆ. ಉಂಗುರವನ್ನು ಪೂರ್ತಿ ಸಡಿಲ ಮಾಡಿ, ಹಿಡಿಯ ಹಿಂತುದಿಯನ್ನು ಮರದ ಹಲಗೆಗೆ ಕುಟ್ಟಿದರೆ ಅಲಗು ಸ್ವಲ್ಪ ಎದ್ದೇಳುತ್ತೆ, ಆಮೇಲೆ ಬಿಡಿಸಬಹುದು. ನೆರಳಲ್ಲಿ ಒಣಗಿಸಿದೆ, ರಿವೆಟ್ ಹತ್ತಿರ ಒಂದು ತೊಟ್ಟು ಎಣ್ಣೆ ಬಿಟ್ಟೆ. ಜಾಸ್ತಿ ವ್ಯತ್ಯಾಸ ಕಾಣಲಿಲ್ಲ. ಬಿಸಿಲಲ್ಲಿಟ್ಟರೆ ಮರ ಸೀಳುತ್ತೆ ಅಂತ ಅದನ್ನು ಮಾಡಿಲ್ಲ.

ಅಲಗು ಬೂದು ಬಣ್ಣಕ್ಕೆ ತಿರುಗಿದೆ. ಅದು ಕಾರ್ಬನ್ ಸ್ಟೀಲ್‌ನ ಸಹಜ ಗುಣ, ಅದರ ಚಿಂತೆ ಇಲ್ಲ. ಕೆಂಪು ತುಕ್ಕು ಬರದಂತೆ ಒರೆಸಿಡುತ್ತೇನೆ.

ಗೊಂದಲ ಇರೋದು ಇಲ್ಲಿ. ರಿವೆಟ್ ಪಕ್ಕದಲ್ಲಿ, ಅಲಗು ಮಡಚಿ ಕೂರುವ ಸೀಳಿನ ಒಳಗೋಡೆಯಲ್ಲಿ ಅಲಗು ಉಜ್ಜಿ ಹೊಳಪಾದ ಗುರುತು ಇದೆ. ಅಲ್ಲಿ ಸ್ಯಾಂಡ್‌ಪೇಪರ್ ಹಾಕಿ ಸ್ವಲ್ಪ ತೆಗೆದರೆ ಈಗ ಸರಿಹೋಗಬಹುದು. ಆದರೆ ಬೇಸಿಗೆಯಲ್ಲಿ ಮರ ಕುಗ್ಗಿದಾಗ ಅಲಗು ಲೊಡಲೊಡ ಅಲ್ಲಾಡುತ್ತೆ ಅಲ್ವಾ? ತೆಗೆದ ಮರ ಮತ್ತೆ ಬರಲ್ಲ. ಇನ್ನೊಂದು ದಾರಿ, ಹಿಡಿ ಚೆನ್ನಾಗಿ ಒಣಗಿದ ಮೇಲೆ ಅಗಸೆ ಎಣ್ಣೆ ಕುಡಿಸಿ ತೇವ ಒಳಗೆ ಹೋಗದಂತೆ ಮಾಡೋದು.

ಇಂಥ ಚಾಕು ಬಳಸುವವರು ಹೇಳಿ: ಮೊದಲು ಎಣ್ಣೆ ಹಾಕಿ ನೋಡಲಾ, ಅಥವಾ ಸೀಳನ್ನು ಉಜ್ಜಲೇಬೇಕಾ? ಉಜ್ಜೋದಾದರೆ ಎಷ್ಟಕ್ಕೆ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತೆ?